ಕಾರಿನ ಬದಲು ಮೂರು ಚಕ್ರದ ಬೈಕ್ ಆದೀತೇ?

ಪ್ರಶ್ನೆ: ಶಿರಸಿಯಿಂದ ಕುಮಟಾಕ್ಕೆ ಆಗಾಗ ಹೋಗಿಬರಬೇಕು. ಮಳೆಗಾಲದಲ್ಲಿ ಬೈಕ್ ಜಾರುವ ಭಯ, ಕಾರು ಕೊಳ್ಳಲು ಕೈಯಲ್ಲಿ ಅಷ್ಟು ದುಡ್ಡಿಲ್ಲ. ಮೂರು ಚಕ್ರದ ಬೈಕ್ ಹೇಗೆ? ಇದ್ದ ಬೈಕಿಗೇ ಚಕ್ರ ಸೇರಿಸಬಹುದೇ?

ಉತ್ತರ: ಎರಡು ಚಕ್ರ ಮುಂದಿವೆಯೋ ಹಿಂದಿವೆಯೋ ಎಂಬುದರ ಮೇಲೆ ಎಲ್ಲ ನಿಂತಿದೆ. ಮುಂದೆ ಒಂದೇ ಚಕ್ರವಿದ್ದರೆ, ನಿಮ್ಮ ದಾರಿಯ ದೇವಿಮನೆ ಘಾಟಿ ಇಳಿಯುತ್ತ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಿನ ಹೊರಮೂಲೆಗೆ ನುಗ್ಗುತ್ತದೆ. ಆ ಮೂಲೆಯಲ್ಲಿ ಆತುಕೊಳ್ಳಲು ಚಕ್ರವೇ ಇಲ್ಲ, ಗಾಡಿ ಮಗುಚಬಹುದು. ತಿರುವಿಗೆ ಮೊದಲೇ ವೇಗ ಇಳಿಸಿಕೊಳ್ಳುವುದೊಂದೇ ದಾರಿ. ಮುಂದೆ ಎರಡು ಚಕ್ರವಿದ್ದು ಬೈಕಿನಂತೆ ವಾಲುವ ಗಾಡಿಗಳಿಗೆ ಈ ತೊಂದರೆಯಿಲ್ಲ, ಒದ್ದೆ ರಸ್ತೆಯಲ್ಲೂ ಹಿಡಿತ ಚೆನ್ನಾಗಿರುತ್ತದೆ. 2006ರಲ್ಲಿ ಬಂದ ಪಿಯಾಜಿಯೋ ಎಂಪಿ3, ಯಮಹಾ ನಿಕೆನ್ ಈ ಬಗೆಯವು. ಆದರೆ ಯುರೋಪಿನಲ್ಲಿ ಎಂಪಿ3 ಜನಪ್ರಿಯವಾದದ್ದು ಅಗ್ಗವೆಂದಲ್ಲ. ಪಾರ್ಕಿಂಗ್ ಸುಲಭ, ಕೆಲವು ದೇಶಗಳಲ್ಲಿ ಕಾರಿನ ಲೈಸೆನ್ಸೇ ಸಾಕು. ಆಮದು ಸುಂಕ ಕಟ್ಟಿ ಇಲ್ಲಿಗೆ ತರಿಸಿದರೆ ಹೊಸ ಸಣ್ಣ ಕಾರಿಗಿಂತ ದುಬಾರಿ, ಬಿಡಿಭಾಗಕ್ಕೂ ಪರದಾಟ.

ತೋಟದ ಮಣ್ಣುದಾರಿಗೂ ಗಾಡಿ ಬೇಕೆಂದರೆ ಅಲ್ಲಿನ ಕಷ್ಟವೇ ಬೇರೆ. ಜೀಪು, ಟ್ರ್ಯಾಕ್ಟರ್ ಓಡಿ ಎರಡು ಗಾಲಿಜಾಡು ಬಿದ್ದಿರುತ್ತವೆ. ಮೂರು ಚಕ್ರದ ಗಾಡಿಯ ಒಂಟಿ ಚಕ್ರ ನಡುವಿನ ದಿಬ್ಬದ ಹುಲ್ಲು, ಕಲ್ಲಿನ ಮೇಲೇ ಹೋಗಬೇಕು. ಬೈಕಿನಲ್ಲಾದರೆ ಹೊಂಡ ತಪ್ಪಿಸಬಹುದು. ಇಲ್ಲಿ ಒಂದು ಚಕ್ರ ತಪ್ಪಿಸಿಕೊಂಡರೆ ಇನ್ನೊಂದು ಬೀಳುತ್ತದೆ.

ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡಿಸುವ ಯೋಚನೆ ಖಂಡಿತ ಬೇಡ. ಆರ್‌ಸಿಯಲ್ಲಿರುವ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಿ. ಅಪಘಾತವಾದರೆ ವಿಮೆಯೂ ಕೈಕೊಡಬಹುದು. ಅಂಗವಿಕಲರಿಗೆ ಮಾತ್ರ ಆರ್‌ಟಿಒ ಒಪ್ಪಿಗೆಯೊಂದಿಗೆ ಸ್ಕೂಟರಿಗೆ ಪಕ್ಕದ ಚಕ್ರ ಹಾಕಿಸಲು ಅವಕಾಶವಿದೆ, ಅವರಿಗದು ನಿಜಕ್ಕೂ ದೊಡ್ಡ ಆಸರೆ. ಹಾಕಿಸುವಾಗ ಪಕ್ಕದ ಚಕ್ರಗಳು ತೀರ ಕೆಳಗೆ ಕೂತಿಲ್ಲವೆಂದು ನೋಡಿ: ಉಬ್ಬಿನಲ್ಲಿ ಅವೇ ಭಾರ ಹೊತ್ತರೆ ಹಿಂದಿನ ಚಕ್ರ ನೆಲ ಬಿಟ್ಟು ಸುಮ್ಮನೆ ತಿರುಗುತ್ತದೆ. ಆ ಸ್ಕೂಟರ್ ವಾಲುವುದಿಲ್ಲ, ಆದ್ದರಿಂದ ತಿರುವಿನಲ್ಲಿ ನಿಧಾನವೇ ಗತಿ.

ನಿಮ್ಮ ಓಡಾಟಕ್ಕೆ ಹಳೆಯ ಸಣ್ಣ ಕಾರೇ ಸರಿ ಎಂಬುದು ನಮ್ಮ ಅಭಿಪ್ರಾಯ. ಕಾರವಾರ, ಕುಮಟಾ ಕಡೆ ಓಡಿದ ಕಾರಾದರೆ ಎಂಜಿನ್‌ಗಿಂತ ಮೊದಲು ತುಕ್ಕು ನೋಡಿ. ಉಪ್ಪುಗಾಳಿ ತಳವನ್ನೇ ತಿನ್ನುತ್ತದೆ. ಮ್ಯಾಟ್ ಎತ್ತಿ ನೆಲದ ತಗಡು ಒತ್ತಿ, ಬಾಗಿಲ ಕೆಳಗಿನ ಅಂಚು, ಶಾಕ್ ಅಬ್ಸಾರ್ಬರ್ ಕೂರುವ ಜಾಗ, ಬ್ರೇಕ್ ಪೈಪ್ ಪರೀಕ್ಷಿಸಿ. ಸ್ಕ್ರೂಡ್ರೈವರ್ ಒತ್ತಿದಾಗ ತಗಡು ಒಳಗೆ ಕುಸಿದರೆ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಆ ಕಾರು ಬೇಡ.