ಹೊಳೆ ಕೆಂಪಾದರೆ ಎಷ್ಟು ಮಣ್ಣು ಹೋದ ಹಾಗೆ?

ಆರಿದ್ರೆ ಮಳೆ ಹಿಡಿದು ಎರಡು ದಿನವಾದರೆ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಹಳ್ಳಗಳೆಲ್ಲ ಕೆಂಪು. ಸೇತುವೆ ಮೇಲೆ ನಿಂತವರು ‘ಹೊಸ ನೀರು ಬಂತು’ ಅನ್ನುತ್ತಾರೆ. ಬಂದದ್ದು ನೀರು ನಿಜ. ಅದರ ಜೊತೆ ಹೋಗುತ್ತಿರುವುದು ಯಾರದೋ ಗದ್ದೆ, ಯಾರದೋ ಹುಲ್ಲು ಬೆಳೆವ ಬ್ಯಾಣ.

ಎಷ್ಟು ಹೋದರೆ ನೆಲ ತಾಳಿಕೊಳ್ಳುತ್ತದೆ? ಮಣ್ಣಿನ ವಿಜ್ಞಾನಿಗಳು ಇದಕ್ಕೊಂದು ಮಿತಿ ಹಾಕಿದ್ದಾರೆ. ನಮ್ಮ ದೇಶದಲ್ಲಿ ಅದು ಜಾಗ ನೋಡಿಕೊಂಡು ಹೆಕ್ಟೇರಿಗೆ ವರ್ಷಕ್ಕೆ 2.5ರಿಂದ 12.5 ಟನ್. ಎಕರೆಗೆ ಹೇಳಿದರೆ 1ರಿಂದ 5 ಟನ್. ಐದು ಟನ್ ಅಂದರೆ ಜಾಸ್ತಿ ಅನಿಸುತ್ತದೆ, ಅಲ್ವಾ? ಆದರೆ ಎಕರೆ ಪೂರ್ತಿ ಹರಡಿದರೆ ಅದರ ದಪ್ಪ ಬರೀ 1 ಮಿಲಿಮೀಟರ್. ಕಣ್ಣಿಗೆ ಬೀಳುವುದೇ ಇಲ್ಲ.

ಹೊಸ ಮಣ್ಣು ನಿಧಾನವಾಗಿ ಹುಟ್ಟುವ ಕಡೆ ಈ ಮಿತಿ ಎಷ್ಟು ಬಿಗಿಯಾಗಬಹುದು ಅನ್ನುವುದಕ್ಕೆ ನೈಋತ್ಯ ಚೀನಾದ ಗುಯ್‌ಝೌ ಕಡೆ ನೋಡಬೇಕು. ಅದು ಸುಣ್ಣದಕಲ್ಲಿನ ಸೀಮೆ. ಇಂಥ ನೆಲಕ್ಕೆ ಕಾರ್ಸ್ಟ್ ಅನ್ನುತ್ತಾರೆ. ಮಳೆನೀರು ಗಾಳಿಯ, ಮಣ್ಣಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗಿ ಆ ಕಲ್ಲನ್ನು ಕರಗಿಸಿ ಒಯ್ಯುತ್ತದೆ. ಕರಗದೆ ಉಳಿದ ಚೂರುಪಾರಿನಿಂದಲೇ ಮಣ್ಣಾಗಬೇಕು. ಕಲ್ಲಿನ ತೂಕದಲ್ಲಿ ನೂರಕ್ಕೆ 5 ಪಾಲು ಮಾತ್ರ ಕರಗದ್ದು ಎಂದುಕೊಳ್ಳಿ. ಒಂದು ಮೀಟರ್ ಮಣ್ಣಿಗೆ ಸುಮಾರು 10 ಮೀಟರ್ ಬಂಡೆ ಕರಗಬೇಕಾಗುತ್ತದೆ. ಲಕ್ಷ ವರ್ಷದ ಮಾತು ಅದು. ಸಾಲದ್ದಕ್ಕೆ, ಅಲ್ಲಿ ಮಣ್ಣು ಇಳಿಜಾರಿನಲ್ಲಷ್ಟೇ ಹರಿಯುವುದಿಲ್ಲ. ಬಂಡೆಯ ಬಿರುಕಿನಲ್ಲಿ ಇಳಿದು ನೆಲದೊಳಗಿನ ಗವಿ ಸೇರುತ್ತದೆ. ಗುಡ್ಡದ ಬುಡದಲ್ಲಿ ಕೂತು ಕೆಂಪು ನೀರು ಅಳೆದವನಿಗೆ ಪೂರ್ತಿ ಲೆಕ್ಕ ಸಿಗುವುದಿಲ್ಲ.

ಇನ್ನೊಂದು ತಮಾಷೆ ಇದೆ. ಮಣ್ಣೆಲ್ಲ ತೊಳೆದುಹೋಗಿ ಕಲ್ಲು ಬಿಟ್ಟ ಗುಡ್ಡ ಸವಕಳಿ ನಕ್ಷೆಯಲ್ಲಿ ಸುರಕ್ಷಿತ ಅಂತ ಕಾಣಬಹುದು. ಕಳೆದುಕೊಳ್ಳಲು ಏನೂ ಉಳಿದಿಲ್ಲವಲ್ಲ! ಹಾಗಾಗಿ ಹೋದ ಮಣ್ಣಿನ ಟನ್ ಒಂದನ್ನೇ ನೋಡಿದರೆ ಸಾಲದು. ಆ ಜಾಗ ತಾಳುವ ಮಿತಿಗೆ ಅದು ಎಷ್ಟು ಪಟ್ಟು ಅಂತ ನೋಡಬೇಕು.

ಮಲೆನಾಡಿನದು ಬೇರೆ ಕಥೆ. ಇಲ್ಲಿ ಜಂಬಿಟ್ಟಿಗೆ, ಅದರ ಕೆಳಗೆ ಶೇಡಿ ಮಣ್ಣು. ಬಾವಿ ತೋಡುವಾಗ ನೋಡಿದರೆ ಮಣ್ಣಿಗೇನು ಬರ ಅನಿಸುತ್ತದೆ. ಆದರೆ ಬೆಳೆ ಉಣ್ಣುವುದು ಮೇಲಿನ ಗೇಣುದ್ದದ ಮಣ್ಣನ್ನು. ಅದು ಹೋಗಿ ಜಂಬಿಟ್ಟಿಗೆ ಗಾಳಿ ಬಿಸಿಲಿಗೆ ಬಿದ್ದರೆ ಇನ್ನೂ ಗಟ್ಟಿಯಾಗುತ್ತದೆ.

ಸವಕಳಿ ಅಂದಾಜಿಗೆ ಅಮೆರಿಕದ ವಿಶ್‌ಮಯರ್ ಮತ್ತು ಸ್ಮಿತ್ ಒಂದು ಸೂತ್ರ ಕೊಟ್ಟರು. 1978ರಲ್ಲಿ ತಿದ್ದಿ ಅಚ್ಚಾದ ರೂಪವನ್ನು ಇಂದಿಗೂ ಬಳಸುತ್ತಾರೆ. ಮಳೆಯ ಹೊಡೆತ, ಮಣ್ಣಿನ ಗುಣ, ಇಳಿಜಾರು, ಹೊದಿಕೆ, ಬದು ಮುಂತಾದ ಕಾಳಜಿ – ಇವನ್ನು ಕೂಡುವುದಲ್ಲ, ಗುಣಿಸುವುದು. ಬೋಳಾಗಿ ಉತ್ತಿಟ್ಟ ನೆಲದ ಹೊದಿಕೆಗೆ 1 ಅಂಕ. ದಟ್ಟ ಕಾಡಿಗೆ 0.01ಕ್ಕಿಂತ ಕಡಿಮೆ. ಉಳಿದದ್ದೆಲ್ಲ ಒಂದೇ ಇದ್ದರೂ ನೂರು ಪಟ್ಟು ವ್ಯತ್ಯಾಸ! ಆಗುಂಬೆಯ ಕಾಡು ಅಷ್ಟು ಮಳೆ ಹೊಡೆಸಿಕೊಂಡೂ ನಿಂತಿರುವುದು ಹೀಗೆ.

ಅದೇ ಇಳಿಜಾರಿನಲ್ಲಿ ಶುಂಠಿ ಹಾಕಿ ನೋಡಿ. ಜೂನ್ ಮಳೆ ಬೀಳುವ ಹೊತ್ತಿಗೆ ಎಲೆ ಮಡಿಯನ್ನು ಮುಚ್ಚಿರುವುದಿಲ್ಲ. ನೀರು ನಿಂತರೆ ಕೊಳೆ ಬರುತ್ತದೆಂದು ಕಾಲುವೆಯನ್ನು ಇಳುಕಲಿಗೇ ತೆಗೆದಿರುತ್ತಾರೆ. ರೈತನ ಹೆದರಿಕೆ ಸುಳ್ಳಲ್ಲ, ನಾನೂ ಹಾಗೇ ಮಾಡುತ್ತಿದ್ದೆನೇನೋ. ದಪ್ಪಗೆ ಸೊಪ್ಪು, ಹುಲ್ಲು ಹೊದಿಸಿದರೆ ಹನಿಯ ಪೆಟ್ಟಾದರೂ ತಪ್ಪುತ್ತದೆ.

ಅಡಿಕೆ ತೋಟದವರು ನಮ್ಮಲ್ಲಿ ಸವಕಳಿ ಇಲ್ಲ ಎನ್ನುತ್ತಾರೆ. ಯಾಕೆಂದರೆ ಕೆಲವು ವರ್ಷಕ್ಕೊಮ್ಮೆ ಗುಡ್ಡದಿಂದ ಹೊಸ ಮಣ್ಣು ತಂದು ಬುಡಕ್ಕೆ ಹಾಕಿಸುತ್ತಾರೆ. ತೋಟಕ್ಕೆ ಜಮಾ ಆಯಿತು, ಸರಿ. ಗುಡ್ಡದ ಖರ್ಚನ್ನು ಯಾವ ಪುಸ್ತಕದಲ್ಲಿ ಬರೆದಿದೆ?

ಅಳೆಯಲು ದೊಡ್ಡ ಉಪಕರಣವೇ ಬೇಕೆಂದಿಲ್ಲ. ಮಳೆಗಾಲಕ್ಕೆ ಮುಂಚೆ ಇಳಿಜಾರಿನಲ್ಲಿ ಹತ್ತು ಕಬ್ಬಿಣದ ಕಂಬಿ ಹೊಡೆದು, ನೆಲದ ಮಟ್ಟಕ್ಕೆ ಗುರುತು ಹಾಕಿ. ಮಳೆ ಬಿಟ್ಟ ಮೇಲೆ ಗುರುತಿಂದ ನೆಲ ಎಷ್ಟು ಇಳಿದಿದೆ ಎಂದು ನೋಡಿ ಸರಾಸರಿ ತೆಗೆಯಿರಿ. 3 ಮಿಲಿಮೀಟರ್ ಇಳಿದಿದ್ದರೆ ಎಕರೆಗೆ ಸುಮಾರು 15 ಟನ್ ಹೋಯಿತು. ನಮ್ಮ ಬ್ಯಾಣದಲ್ಲಿ ಈ ಸಲ ಹೊಡೆದ ಹತ್ತರಲ್ಲಿ ಎರಡನ್ನು ದನ ಕಿತ್ತು ಹಾಕಿವೆ. ಉಳಿದ ಎಂಟನ್ನು ದೀಪಾವಳಿ ಹೊತ್ತಿಗೆ ಅಳೆಯಬೇಕು.