ಹದಿಹರೆಯಕ್ಕೆ ರಸಗ್ರಹಣದ ಪಾಠ: ಬೆಂಗಳೂರಿನಲ್ಲಿ ದಾರಿ ತಪ್ಪಿದ್ದೆಲ್ಲಿ?

ಸಂಗೀತ, ಚಿತ್ರಕಲೆಗಳನ್ನು ಕಲಿಸುವ ಸಂಸ್ಥೆಗಳು ಬೆಂಗಳೂರಿಗೆ ಹೊಸತಲ್ಲ. ಗಾಯನ ಸಮಾಜ ಆರಂಭವಾದದ್ದು 1905ರಲ್ಲಿ. ಅ.ನ. ಸುಬ್ಬರಾವ್ ಅವರ ಕಲಾಮಂದಿರ 1919ರದ್ದು, ಚಿತ್ರಕಲಾ ಪರಿಷತ್ತು 1960ರದ್ದು. ಹೀಗಿದ್ದೂ ಈ ಊರಿನಲ್ಲಿ ಹತ್ತನೆಯ ತರಗತಿ ಮುಗಿಸುವ ಹೆಚ್ಚಿನ ಮಕ್ಕಳು ಒಂದು ಕೀರ್ತನೆಯನ್ನು ಪಲ್ಲವಿಯಿಂದ ಚರಣದವರೆಗೆ ಗಮನವಿಟ್ಟು ಕೇಳದೆ, ಒಂದು ಚಿತ್ರದ ಮುಂದೆ ಐದು ನಿಮಿಷ ನಿಲ್ಲದೆ ಶಾಲೆಯಿಂದ ಹೊರಬರುತ್ತಾರೆ. ಇದಕ್ಕೆ ಮೊಬೈಲನ್ನು ದೂರುವುದು ಸುಲಭ. ಆದರೆ ಸಮಸ್ಯೆ ಮೊಬೈಲಿಗಿಂತ ಬಹಳ ಹಳೆಯದು.

ನಮ್ಮ ವ್ಯವಸ್ಥೆ ಮೊದಲಿನಿಂದಲೂ ಕಲೆಯನ್ನು ಮಾಡುವವರಿಗಾಗಿ ರೂಪುಗೊಂಡಿತು, ಸವಿಯುವವರಿಗಾಗಿ ಅಲ್ಲ. ಚಿತ್ರಕಲೆಗೆ ಲೋಯರ್, ಹೈಯರ್ ಪರೀಕ್ಷೆಗಳು, ಸಂಗೀತಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ದಶಕಗಳಿಂದ ನಡೆದುಬಂದಿವೆ. ಅವು ಮುಖ್ಯವಾಗಿ ಕೈಯ ಹದವನ್ನೂ ಕಂಠದ ಹದವನ್ನೂ ಅಳೆಯುತ್ತವೆ, ಮತ್ತು ಆ ಕೆಲಸವನ್ನು ಶ್ರದ್ಧೆಯಿಂದ ಮಾಡಿವೆ. ಆದರೆ ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿವರಸೆ ಎಂಬ ಆರಂಭದ ಸ್ವರಾಭ್ಯಾಸಗಳನ್ನು ಹಾಡಿ, ಗೀತೆಗೆ ಬರುವಷ್ಟರಲ್ಲಿ ಪಾಠ ಬಿಟ್ಟ ಹುಡುಗಿಗೆ ಕಛೇರಿಯಲ್ಲಿ ಏನನ್ನು ಕೇಳಬೇಕೆಂದು ಹೇಳಿಕೊಟ್ಟವರು ಯಾರೂ ಇರುವುದಿಲ್ಲ. ಬಿಟ್ಟವರು ಸಂಗೀತದಿಂದಲೇ ದೂರವಾದರು. ಎಂದೂ ಸೇರದವರ ಪ್ರಶ್ನೆಯನ್ನಂತೂ ಯಾರೂ ಎತ್ತಲಿಲ್ಲ.

ಎತ್ತದಿರಲು ಕಾರಣವೂ ಇತ್ತು. ಕೇಳ್ಮೆಯನ್ನು ಕಲಿಸುವ ಹೊಣೆಯನ್ನು ಆಗ ಊರೇ ಹೊತ್ತಿತ್ತು. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದ ರಾಮನವಮಿ ಸಂಗೀತೋತ್ಸವದ ಪರಂಪರೆ 1939ರಷ್ಟು ಹಿಂದಿನದು. ಬಡಾವಣೆ ಬಡಾವಣೆಗಳಲ್ಲಿ ಚಪ್ಪರ ಹಾಕಿ ಕಛೇರಿ, ಹರಿಕಥೆ, ಗಮಕವಾಚನ ನಡೆಸುವ ರೂಢಿಯೂ ಇತ್ತು. ಭದ್ರಗಿರಿ ಅಚ್ಯುತದಾಸರ, ಗುರುರಾಜುಲು ನಾಯ್ಡು ಅವರ ಕಥೆಗೆ ಬಂದು ಕುಳಿತ ಹುಡುಗ, ಮುಂದೇನಾಯಿತೆಂಬ ಕುತೂಹಲದಲ್ಲಿದ್ದಾಗಲೇ ರಾಗವೊಂದು ಅವನ ಕಿವಿಯಲ್ಲಿ ನೆಲೆಗೊಳ್ಳುತ್ತಿತ್ತು, ಪುರಾತನ ಭಕ್ತನೊಬ್ಬನ ಬದುಕು ಪರಿಚಯವಾಗುತ್ತಿತ್ತು. ಗಮಕದ ಏರ್ಪಾಡನ್ನು ನಾನು ಇನ್ನೂ ಹೆಚ್ಚು ಮೆಚ್ಚುತ್ತೇನೆ. ಒಬ್ಬರು ಪದ್ಯವನ್ನು ರಾಗವಾಗಿ ವಾಚಿಸಿದರೆ, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಅದರ ಸೊಗಸನ್ನು ಬಿಡಿಸಿ ಹೇಳುತ್ತಾರೆ. ಮೊದಲು ಅನುಭವ, ಒಡನೆಯೇ ವಿವರಣೆ, ಮತ್ತೆ ಅನುಭವ: ಹದಿಹರೆಯದವರಿಗೆ ಇದಕ್ಕಿಂತ ಹೊಂದುವ ಬೋಧನಕ್ರಮ ನನಗೆ ತಿಳಿದಿಲ್ಲ. ಡಿ.ವಿ. ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಅಧ್ಯಯನಗೋಷ್ಠಿಗಳಲ್ಲಿಯೂ ಹಿರಿಯರು ಕಿರಿಯರೊಡನೆ ಕುಳಿತು ಕಾವ್ಯ ಓದುವ ಪದ್ಧತಿಯಿತ್ತು.

ನಗರ ಹಿಗ್ಗಿತು, ಸಂಜೆಗಳನ್ನು ಟ್ಯೂಷನ್ ತುಂಬಿತು. ಚಪ್ಪರಗಳು ಉಳಿದರೂ ಅವುಗಳ ಮುಂದೆ ಹದಿಹರೆಯದವರು ಕಡಿಮೆಯಾದರು. ಊರು ಇಳಿಸಿದ ಹೊಣೆಯನ್ನು ಶಾಲೆ ಎತ್ತಿಕೊಳ್ಳಬೇಕಿತ್ತು. ಕಾಗದದ ಮೇಲೆ ಎತ್ತಿಕೊಂಡದ್ದೂ ಉಂಟು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ದೃಶ್ಯಕಲೆ, ರಂಗಭೂಮಿಗಳಿಗೆ ಹತ್ತನೆಯ ತರಗತಿಯವರೆಗೆ ವಿಷಯದ ಸ್ಥಾನ ಸಿಗಬೇಕೆಂದಿತು. 2020ರ ಶಿಕ್ಷಣ ನೀತಿ ಪಠ್ಯ ಮತ್ತು ಪಠ್ಯೇತರಗಳ ನಡುವಿನ ಗೋಡೆ ಬೇಡವೆಂದಿತು. ಆದರೆ ಎಸ್ಸೆಸ್ಸೆಲ್ಸಿಯ ಅಂಕಗಳನ್ನು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳೇ ಹಂಚಿಕೊಳ್ಳುತ್ತವೆ. ಪರೀಕ್ಷೆ ಹತ್ತಿರವಾದಾಗ ಡ್ರಾಯಿಂಗ್ ಪೀರಿಯಡ್ ಗಣಿತಕ್ಕೆ ಹೋಗುವುದನ್ನು ತಡೆಯುವ ಶಕ್ತಿ ಯಾವ ನೀತಿಗೂ ಇಲ್ಲ. ಯುವಜನರಿಗೆ ಶಾಸ್ತ್ರೀಯ ಕಲೆಗಳನ್ನು ತಲುಪಿಸಲು 1977ರಲ್ಲಿ ದೆಹಲಿಯಲ್ಲಿ ಹುಟ್ಟಿದ ಸ್ಪಿಕ್ ಮೆಕೆ ಸಂಘಟನೆ ದೊಡ್ಡ ಕಲಾವಿದರನ್ನೇ ಶಾಲೆಗಳಿಗೆ ಕರೆತಂದು ಉಪಕಾರ ಮಾಡಿತು. ಆದರೂ ಒಂದು ದಿನದ ಪ್ರಾತ್ಯಕ್ಷಿಕೆ ವರ್ಷವಿಡೀ ನಡೆಯಬೇಕಾದ ಅಭ್ಯಾಸಕ್ಕೆ ಬದಲಿಯಾಗಲಾರದು.

ಪ್ರಾಚೀನ ಚರಿತೆಗಳ ಪಾಡು ಇನ್ನೂ ನೋವಿನದು. ಅವು ಪಠ್ಯದ ಒಳಗಿದ್ದೇ ಕಳೆದುಹೋಗುತ್ತಿವೆ. ಹರಿಹರ ರಗಳೆಗಳಲ್ಲಿ ಬರೆದ ಶರಣರ ಬದುಕುಗಳಾಗಲಿ, ರನ್ನ 993ರ ಅಜಿತಪುರಾಣದಲ್ಲಿ ಕೊಂಡಾಡಿದ ಅತ್ತಿಮಬ್ಬೆಯ ಚರಿತೆಯಾಗಲಿ ಹದಿನೈದರ ಪ್ರಾಯವನ್ನು ಹಿಡಿದು ಅಲುಗಾಡಿಸಬಲ್ಲವು. ನಾವು ಅವನ್ನು ಪದಚ್ಛೇದ, ಸಾರಾಂಶಗಳಾಗಿ ಕಲಿಸುತ್ತೇವೆ. ಸಂದರ್ಭ ಹೇಳಿ ಸ್ವಾರಸ್ಯ ವಿವರಿಸುವ ಪ್ರಶ್ನೆಗೂ ಗೈಡಿನಲ್ಲಿ ಸಿದ್ಧ ಉತ್ತರವಿರುತ್ತದೆ.

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರು ಶಾಸನವನ್ನೇ ನೋಡಿ. ಸುಮಾರು 950ರ ಈ ಹಳಗನ್ನಡ ಕಲ್ಲು ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ ತಕ್ಕೋಲದ ಯುದ್ಧವನ್ನು, ಗಂಗರ ಬೂತುಗನನ್ನು, ವೀರ ಮಣಲೆರನನ್ನು ನೆನೆಯುತ್ತದೆ. ಅದರೊಂದಿಗೆ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯನ್ನೂ ನೆನೆಯುತ್ತದೆ. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ರಾಜನ ಗೆಲುವೂ ನಾಯಿಯ ಸಾವೂ ಒಂದೇ ಕಲ್ಲಿನಲ್ಲಿ ಏಕೆ ಎಂದು ಕೇಳಿದರೆ ಒಂಬತ್ತನೆಯ ತರಗತಿ ಸುಮ್ಮನಿರಲಾರದು. ಚರಿತೆ, ಶಿಲ್ಪ, ಭಾಷೆ ಮೂರೂ ಅಲ್ಲಿ ಒಟ್ಟಿಗೇ ಸಿಗುತ್ತವೆ.

ಅದೇ ರಸ್ತೆಯ ವೆಂಕಟಪ್ಪ ಚಿತ್ರಶಾಲೆ ಇನ್ನೊಂದು ಬದುಕನ್ನು ತೆರೆಯುತ್ತದೆ. ಕೆ. ವೆಂಕಟಪ್ಪ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದವರು, ಮೈಸೂರಿಗೆ ಮರಳಿ ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತವರು, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1965ರಲ್ಲಿ ತೀರಿಕೊಂಡವರು. ಅವರು ಬರೆದ ಊಟಿಯ ಜಲವರ್ಣ ದೃಶ್ಯಗಳ ಮುಂದೆ ಮಕ್ಕಳನ್ನು ಕಾಲು ಗಂಟೆ ನಿಲ್ಲಿಸಿ, ಬೆಳಕು ಎಲ್ಲಿಂದ ಬೀಳುತ್ತಿದೆ, ಮಂಜು ಎಲ್ಲಿ ತೆಳುವಾಗುತ್ತದೆ ಎಂದಷ್ಟೇ ಕೇಳಬೇಕು. ಆಮೇಲೆ ತರಗತಿಯಲ್ಲಿ ವೀಣೆಯ ಒಂದು ಕೃತಿ ಹಾಕಿ, ಪಲ್ಲವಿ ಪ್ರತಿ ಸಲ ಮರಳಿದಾಗ ಸಂಗತಿ, ಅಂದರೆ ಅದೇ ಸಾಲನ್ನು ನುಡಿಸುವ ಬಗೆ, ಹೇಗೆ ಬದಲಾಯಿತೆಂದು ಗಮನಿಸಲು ಹೇಳಬೇಕು.

ಇದಕ್ಕೆ ಹೊಸ ಪಠ್ಯಪುಸ್ತಕ ಬೇಕಿಲ್ಲ. ಕನ್ನಡದ ಮೇಷ್ಟ್ರು, ಡ್ರಾಯಿಂಗ್ ಮೇಷ್ಟ್ರು, ಸಂಗೀತದ ಟೀಚರ್ ಒಟ್ಟಿಗೆ ಹೊರಟು ಇಂಥ ಅರ್ಧ ದಿನಗಳನ್ನು ನಡೆಸಲು ಅವರಿಗೆ ತರಬೇತಿ ಕೊಡಬೇಕು, ಬಸ್ಸಿನ ಖರ್ಚು ಕೊಡಬೇಕು, ವಾರಕ್ಕೊಂದು ಪೀರಿಯಡನ್ನು ಮಾರ್ಚ್‌ವರೆಗೂ ಯಾರೂ ಕಿತ್ತುಕೊಳ್ಳದಂತೆ ವೇಳಾಪಟ್ಟಿಯಲ್ಲಿ ಕಾಯ್ದಿಡಬೇಕು.