ಡಿಸ್ಕಿನ ಕಿವಿಯೋಲೆ ನೋಡಿ

ಕೆಲವು ವರ್ಷಗಳ ಹಿಂದೆ ಹಾಸನದ ಒಂದು ಸರ್ವರ್ ರೂಮಿನಲ್ಲಿ ಹೊಸ ಡಿಸ್ಕ್ ಸೇರಿಸುವ ಕೆಲಸವಿತ್ತು. ಎರಡು ಸರ್ವರ್‌ಗಳ ಕ್ಲಸ್ಟರ್, ಅಂದರೆ ಒಟ್ಟಾಗಿ ಕೆಲಸ ಮಾಡುವ ಜೋಡಿ. ಎರಡಕ್ಕೂ ಡಿಸ್ಕ್ ಕೊಡುವುದು ಒಂದೇ ಸ್ಟೋರೇಜ್ ಪೆಟ್ಟಿಗೆ. ಮೊದಲನೇ ಸರ್ವರ್‌ನಲ್ಲಿ ಹೊಸ ಡಿಸ್ಕ್ ಎಸ್‌ಡಿಡಿ ಅಂತ ಕಾಣಿಸಿತು. ನಮ್ಮ ಹುಡುಗ ಎರಡನೇ ಸರ್ವರ್‌ಗೆ ಲಾಗಿನ್ ಆಗಿ ಅಲ್ಲಿನ ಎಸ್‌ಡಿಡಿಯನ್ನು ಫಾರ್ಮ್ಯಾಟ್ ಮಾಡಿದ. ಮೌಂಟ್ ಆಗಿರಲಿಲ್ಲ, ಅಂದರೆ ಯಾವ ಫೋಲ್ಡರಿಗೂ ಜೋಡಿಸಿರಲಿಲ್ಲ, ಹಾಗಾಗಿ ಖಾಲಿ ಅಂದುಕೊಂಡ. ಆದರೆ ಅದು ಡೇಟಾಬೇಸ್ ನೇರವಾಗಿ ಬಳಸುತ್ತಿದ್ದ ಡಿಸ್ಕ್! ರಾತ್ರಿಯಿಡೀ ಕೂತು ಬ್ಯಾಕಪ್‌ನಿಂದ ಡೇಟಾ ವಾಪಸ್ ತಂದೆವು. ಹುಡುಗನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಚೀಟಿಯಲ್ಲಿ ಎಸ್‌ಡಿಡಿ ಅಂತ ಬರೆದುಕೊಟ್ಟಿದ್ದು ನಾವೇ.

ಸರ್ವರ್ ನಡೆಸುವ ಲಿನಕ್ಸ್ ತನಗೆ ಡಿಸ್ಕುಗಳು ಸಿಕ್ಕ ಸಾಲಿನಲ್ಲೇ ಎಸ್‌ಡಿಎ, ಎಸ್‌ಡಿಬಿ ಅಂತ ಕರೆಯುತ್ತಾ ಹೋಗುತ್ತದೆ. ರೀಬೂಟ್ ಆದರೆ ಸಾಲು ಬದಲಾಗಬಹುದು. ಪಕ್ಕದ ಸರ್ವರ್‌ನಲ್ಲಿ ಬೇರೆಯೇ ಇರಬಹುದು. ನಮ್ಮ ಕಡೆ ಹಸು ಸಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಂಜೆ ಕೊಟ್ಟಿಗೆಗೆ ನುಗ್ಗುವಾಗ ‘ಮೂರನೇ ಹಸು’ ಅಂದರೆ ಇವತ್ತು ಒಂದು, ನಾಳೆ ಇನ್ನೊಂದು. ಹಸುವಿನ ಕಿವಿಯೋಲೆಯ, ಅಂದರೆ ಕಿವಿಗೆ ಹಾಕಿದ ಗುರುತಿನ ಟ್ಯಾಗಿನ, 12 ಅಂಕಿ ಮಾತ್ರ ಅದೇ. ಮನೆಯವರು ಕರೆಯೋದು ಗೌರಿ ಅಂತ.

ಡಿಸ್ಕಿನ ಕಿವಿಯೋಲೆಗೆ ಡಬ್ಲ್ಯುಡಬ್ಲ್ಯುಐಡಿ (WWID, ವರ್ಲ್ಡ್ ವೈಡ್ ಐಡೆಂಟಿಫೈಯರ್) ಅನ್ನುತ್ತೇವೆ. ಸ್ಟೋರೇಜ್ ಕೊಡುವ ಈ ಗುರುತು ಎಲ್ಲ ಸರ್ವರ್‌ಗಳಲ್ಲೂ ಒಂದೇ. ಸಾಮಾನ್ಯವಾಗಿ ಲಿನಕ್ಸ್‌ನಲ್ಲಿ 33 ಅಕ್ಷರ, 3600 ಅಂತ ಶುರು. ಸ್ಟೋರೇಜ್ ಸ್ಕ್ರೀನ್‌ನಲ್ಲಿ ನೋಡಿದರೆ 32 ಅಕ್ಷರ ಮಾತ್ರ ಇರುತ್ತದೆ. ಹೊಸಬರು ಇಲ್ಲೇ ಗಾಬರಿಯಾಗುತ್ತಾರೆ. ಮೊದಲ 3 ಗುರುತಿನ ಬಗೆಯನ್ನು ಹೇಳಲು ಲಿನಕ್ಸ್ ಸೇರಿಸಿದ್ದು, ಅಷ್ಟೇ. ಅದನ್ನು ಬಿಟ್ಟು ಹೋಲಿಸಿ. ನಾವು ಇಬ್ಬರು ಫೋನಿನಲ್ಲಿ ಕೂತು ಕೊನೆಯ ಎಂಟು ಅಕ್ಷರ ಓದಿ ತಾಳೆ ನೋಡುತ್ತೇವೆ. ಬಿ, ಡಿ ಕೇಳೋಕೆ ಒಂದೇ ಥರ ಅಲ್ವಾ? ಅದಕ್ಕೆ ‘ಬಿ ಬೇಲೂರು, ಡಿ ದುದ್ದ’ ಅಂತಲೇ ಓದುತ್ತೇವೆ.

ಇನ್ನೊಂದು ತೊಡಕು ಸರ್ವರ್‌ನಿಂದ ಸ್ಟೋರೇಜ್‌ಗೆ ಹೋಗುವ ದಾರಿಗಳದ್ದು. ಒಂದೇ ಡಿಸ್ಕ್ ನಾಲ್ಕು ದಾರಿಯಲ್ಲಿ ಬಂದರೆ ನಾಲ್ಕು ಡಿಸ್ಕಿನಂತೆ ಕಾಣುತ್ತದೆ, ಒಂದೇ ಹಸುವನ್ನು ನಾಲ್ಕು ಕಿಟಕಿಯಿಂದ ನೋಡಿದ ಹಾಗೆ. ಲಿನಕ್ಸ್‌ನ ಮಲ್ಟಿಪಾತ್ ಅನ್ನುವ ಸಾಫ್ಟ್‌ವೇರ್ ಆ ನಾಲ್ಕನ್ನೂ ಒಂದುಗೂಡಿಸುತ್ತದೆ. ಆದರೆ ಅದು ತಾನಾಗಿ ಕೊಡುವ ಎಂಪಾತ್‌ಎ, ಎಂಪಾತ್‌ಬಿ ಹೆಸರುಗಳನ್ನು ಸುಮ್ನೆ ನಂಬಬೇಡಿ. ಅವುಗಳ ಪಟ್ಟಿಯನ್ನು ಪ್ರತಿ ಸರ್ವರ್ ತನ್ನಲ್ಲೇ ಬೇರೆ ಬೇರೆ ಇಟ್ಟುಕೊಳ್ಳುತ್ತದೆ. ಮಲ್ಟಿಪಾತ್ ಕಾನ್ಫಿಗ್ ಫೈಲಿನಲ್ಲಿ ಡಬ್ಲ್ಯುಡಬ್ಲ್ಯುಐಡಿ ಬರೆದು ನೀವೇ ಅಲಿಯಾಸ್ ಕೊಡಿ, ಅಂದರೆ ‘ಗೌರಿ’ ಥರದ ಕರೆಯುವ ಹೆಸರು. ಆ ಭಾಗವನ್ನು ಎಲ್ಲ ಸರ್ವರ್‌ಗಳಲ್ಲೂ ಒಂದೇ ಥರ ಇಡಿ.

ಹೆಸರಿನಲ್ಲಿ ಕೆಲಸ ಇರಲಿ, ಸೈಜ್ ಬೇಡ. ‘ಡೇಟಾ500’ ಅಂತ ಇಟ್ಟ ಡಿಸ್ಕನ್ನು ನಾಳೆ 800 ಜಿಬಿಗೆ ಹಿಗ್ಗಿಸಿದರೆ ಆ ಹೆಸರೇ ಸುಳ್ಳಾಗುತ್ತದೆ. ‘ಡೇಟಾ01’ ಸಾಕು. ಒಂದು ಎಕ್ಸೆಲ್ ಶೀಟ್ ಇಡಿ: ಡಬ್ಲ್ಯುಡಬ್ಲ್ಯುಐಡಿ, ಅಲಿಯಾಸ್, ಸ್ಟೋರೇಜ್‌ನಲ್ಲಿನ ಹೆಸರು, ಯಾವ ಸರ್ವರ್‌ಗಳಿಗೆ, ಯಾವ ಕೆಲಸಕ್ಕೆ, ಕೊಟ್ಟ ದಿನ. ಡಿಸ್ಕ್ ಕೊಟ್ಟ ದಿನವೇ ತುಂಬಿ. ನಾಳೆ ಅಂದರೆ ಆಗುವ ಕೆಲಸವಲ್ಲ ಇದು.

ಡಿಸ್ಕ್ ತೆಗೆಯುವಾಗ ಮೊದಲು ಎಲ್ಲ ಸರ್ವರ್‌ಗಳಿಂದ ಬಿಡಿಸಿ, ಆಮೇಲೆ ಸ್ಟೋರೇಜ್ ಕಡೆ ಕೈ ಹಾಕಿ. ಶೀಟಿನ ಆ ಸಾಲನ್ನು ಅಳಿಸಬೇಡಿ, ತೆಗೆದ ದಿನ ಬರೆಯಿರಿ. ಆ ಅಲಿಯಾಸ್ ಅನ್ನು ಇನ್ನೊಂದು ಡಿಸ್ಕಿಗೆ ಕೊಡಲೂಬೇಡಿ. ಯಾವುದೋ ಹಳೇ ಸ್ಕ್ರಿಪ್ಟ್ ಇನ್ನೂ ಅದೇ ಹೆಸರನ್ನು ಹುಡುಕುತ್ತಿರಬಹುದು.